ಬಿಲ್ಡರ್ ಕೊಡಬೇಕಿದ್ದ ಶಾಲೆ ಎಲ್ಲಿ? ಸೆಕ್ಷನ್ 106 ದುಡ್ಡಿನ ಬಗ್ಗೆ ಗೊತ್ತಿರುವವರು ಹೇಳಿ

ಹೊಸಮನೆ_ಗಿರಿ
ಇಂಗ್ಲೆಂಡಿನಲ್ಲಿ ಹೊಸ ಎಸ್ಟೇಟ್‌ನಲ್ಲಿ (ಬಡಾವಣೆಯಲ್ಲಿ) ಮನೆ ತಗೊಂಡವರು ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೇ ಕೇಳ್ತಿದ್ದೇನೆ. ನಾವು ಮನೆ ನೋಡಲು ಹೋದಾಗ ಮಾರಾಟದ ಆಫೀಸಿನ ಗೋಡೆಗೆ ದೊಡ್ಡ ನಕ್ಷೆ ಹಾಕಿದ್ದರು. ಪ್ರೈಮರಿ ಶಾಲೆಗೆ ಒಂದು ಬಣ್ಣ, ಜಿಪಿ ಸರ್ಜರಿಗೆ (ಡಾಕ್ಟರ ಕ್ಲಿನಿಕ್‌ಗೆ) ಒಂದು ಬಣ್ಣ, ಆಟದ ಮೈದಾನಕ್ಕೆ ಇನ್ನೊಂದು. ಈಗ ಮನೆಗಳೆಲ್ಲ ತುಂಬಿವೆ. ಶಾಲೆಯ ಜಾಗದಲ್ಲಿ ಬೇಲಿ ಇದೆ, ಬೇಲಿಯೊಳಗೆ ಎದೆಮಟ್ಟ ಹುಲ್ಲು ಇದೆ.

ಕೌನ್ಸಿಲ್‌ಗೆ ಫೋನ್ ಮಾಡಿದರೆ "ಡೆವಲಪರ್ ಕಡೆಯಿಂದ ಬರಬೇಕು" ಅಂತಾರೆ. ಬಿಲ್ಡರ್‌ಗೆ ಕೇಳಿದರೆ "ನಾವು ಕೊಡಬೇಕಾದ್ದು ಕೊಟ್ಟಾಗಿದೆ" ಅಂತಾರೆ. ಈ ದುಡ್ಡನ್ನು ಕೌನ್ಸಿಲ್ ಹೇಗೆ ವಸೂಲು ಮಾಡುತ್ತದೆ? ಯಾರು ನಿಜ ಹೇಳ್ತಿದ್ದಾರೆ ಅಂತ ನಮ್ಮಂಥವರು ತಿಳಿದುಕೊಳ್ಳುವುದು ಹೇಗೆ?

ಸಿಟ್ಟಿನ ಸಿದ್ದ
ಇಬ್ಬರೂ ಸುಳ್ಳು. ಮುಂದಿನ ಪ್ರಶ್ನೆ ಕೇಳಿ.

ಕಾಫಿಪುಡಿ
ನಮ್ಮ ಕಡೆಯೂ ಇದೇ ಕಥೆ. ಸರ್ಜರಿ ಅಂತ ತೋರಿಸಿದ ಜಾಗದಲ್ಲಿ ಈಗ ಫ್ಲಾಟ್ ಎದ್ದಿದೆ.

ಪ್ಲಾನಿಂಗ್ ಮೇಷ್ಟ್ರು
ಸಿದ್ದಣ್ಣ, ಇಬ್ಬರೂ ನಿಜವನ್ನೇ ಹೇಳ್ತಿರಬಹುದು. ಅಲ್ಲೇ ಇರೋದು ತಮಾಷೆ.

ಗಿರಿ ಅವರೇ, ಮೊದಲು ಮಾರಾಟದ ಆಫೀಸಿನ ನಕ್ಷೆಯನ್ನು ಮರೆತುಬಿಡಿ. ಅದು ಜಾಹೀರಾತು. ಬಿಲ್ಡರ್‌ನ ಕೈ ಕಟ್ಟಿಹಾಕುವ ಕಾಗದ ಬೇರೆ ಇದೆ. 1990ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆಯ ಸೆಕ್ಷನ್ 106ರ ಪ್ರಕಾರ ಮಾಡಿಕೊಂಡ ಒಪ್ಪಂದ ಅದು. ದೊಡ್ಡ ಯೋಜನೆಗೆ ಕೌನ್ಸಿಲ್ ಸಾಮಾನ್ಯವಾಗಿ ಈ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆಯೇ ಅನುಮತಿ ಪತ್ರ ಕೊಡುತ್ತದೆ. ಕಮಿಟಿ "ಸರಿ" ಅಂದ ಮೇಲೂ ಎರಡೂ ಕಡೆಯ ವಕೀಲರು ತಿಂಗಳುಗಟ್ಟಲೆ ಜಗ್ಗಾಡುವುದು ಇದಕ್ಕೇ. ಒಪ್ಪಂದ ಜಮೀನಿಗೆ ಅಂಟಿಕೊಂಡಿರುತ್ತದೆ. ಒಬ್ಬ ಬಿಲ್ಡರ್ ಇನ್ನೊಬ್ಬನಿಗೆ ಜಾಗ ಮಾರಿದರೂ ಜವಾಬ್ದಾರಿ ಜಮೀನಿನ ಜೊತೆಗೇ ಹೋಗುತ್ತದೆ.

ಇನ್ನು, ದುಡ್ಡು ಒಂದೇ ಸಲ ಬರುವುದಿಲ್ಲ. "ಇಷ್ಟನೇ ಮನೆಗೆ ಜನ ಬರುವ ಮೊದಲು ಇಷ್ಟು ಕೊಡಬೇಕು, ಇಷ್ಟನೇ ಮನೆಯ ಮೊದಲು ಶಾಲೆಯ ಜಾಗ ಬಿಟ್ಟುಕೊಡಬೇಕು" ಅಂತ ಹಂತಗಳನ್ನು ಬರೆದಿರುತ್ತಾರೆ. ಇದಕ್ಕೆ ಟ್ರಿಗರ್ ಅಂತಾರೆ. ನಿಮ್ಮ ಬಿಲ್ಡರ್ ಜಾಗ ಬಿಟ್ಟುಕೊಟ್ಟು, ಕಂತು ಕಟ್ಟಿ, ಕೈ ತೊಳೆದುಕೊಂಡಿರಬಹುದು. ಶಾಲೆ ಕಟ್ಟುವ ಕೆಲಸ ಅವರದ್ದೇ ಅಲ್ಲದೆಯೂ ಇರಬಹುದು.

ಹೊಸಮನೆ_ಗಿರಿ
ಹಾಗಾದರೆ ಕಟ್ಟುವವರು ಯಾರು ಸರ್? ಕೌನ್ಸಿಲ್ ತಾನೇ?

ಪ್ಲಾನಿಂಗ್ ಮೇಷ್ಟ್ರು
ಯಾವ ಕೌನ್ಸಿಲ್ ಅಂತ ನೋಡಬೇಕು. ಎರಡು ಹಂತದ ಆಡಳಿತ ಇರುವ ಕಡೆ ಪ್ಲಾನಿಂಗ್ ನೋಡಿಕೊಳ್ಳುವುದು ಡಿಸ್ಟ್ರಿಕ್ಟ್. ಶಾಲೆ, ರಸ್ತೆ ಕೌಂಟಿಯದ್ದು. ಒಪ್ಪಂದದಲ್ಲಿ ಡಿಸ್ಟ್ರಿಕ್ಟ್, ಕೌಂಟಿ, ಬಿಲ್ಡರ್ ಮೂರೂ ಜನ ಸಹಿ ಹಾಕಿರುತ್ತಾರೆ. ನೀವು ಫೋನ್ ಮಾಡಿದ್ದು ಡಿಸ್ಟ್ರಿಕ್ಟ್‌ಗೆ ಆಗಿದ್ದರೆ ಅವರಿಗೆ ಶಾಲೆಯ ವಿಷಯ ಅರ್ಧ ಮಾತ್ರ ಗೊತ್ತಿರುತ್ತದೆ.

ರೀಡಿಂಗ್ ರಂಗ
ಇಷ್ಟೆಲ್ಲ ಯಾಕೆ? ಪ್ರತಿ ಮನೆಗೆ ಇಷ್ಟು ಅಂತ ಒಂದೇ ರೇಟು ಹಾಕಿ ವಸೂಲು ಮಾಡಿದರೆ ಮುಗೀತಲ್ವಾ? ಸಿಐಎಲ್ ಅಂತ ಇದೆಯಲ್ಲ, ಅದೇ ಸೆಕ್ಷನ್ 106ರ ಹೊಸ ಹೆಸರು.

ಅನು_ಲೆಕ್ಕ
ಅಲ್ಲ ರಂಗ, ಎರಡೂ ಬೇರೆ, ಎರಡೂ ಈಗಲೂ ಇವೆ. ಸಿಐಎಲ್ ಅಂದರೆ ಕಮ್ಯುನಿಟಿ ಇನ್‌ಫ್ರಾಸ್ಟ್ರಕ್ಚರ್ ಲೆವಿ. 2008ರ ಕಾಯ್ದೆಯಲ್ಲಿ ಬಂತು, 2010ರಲ್ಲಿ ನಿಯಮ ಆಯಿತು. ಅದು ಚದರ ಮೀಟರ್ ಲೆಕ್ಕ. ಚೌಕಾಸಿ ಇಲ್ಲ. ಕೌನ್ಸಿಲ್ ಮೊದಲೇ ದರಪಟ್ಟಿ ಮಾಡಿ, ಸ್ವತಂತ್ರ ಪರೀಕ್ಷಕರ ಮುಂದೆ ಇಟ್ಟು, ಪಾಸು ಮಾಡಿಸಿಕೊಂಡಿರುತ್ತದೆ. ಒಂದೇ ಕೌನ್ಸಿಲ್‌ನಲ್ಲಿ ಏರಿಯಾಗೆ ಒಂದು ದರ ಇರಬಹುದು. ಕೆಲವು ಕಡೆ ಸೊನ್ನೆಯೂ ಇರುತ್ತದೆ. ಎಲ್ಲ ಕೌನ್ಸಿಲ್‌ಗಳೂ ಇದನ್ನು ಹಾಕುವುದಿಲ್ಲ.

ಸೆಕ್ಷನ್ 106 ಹಾಗಲ್ಲ, ಅದು ಪೂರ್ತಿ ಮಾತುಕತೆ. ಒಂದೊಂದು ಸೈಟಿಗೆ ಒಂದೊಂದು ಒಪ್ಪಂದ. ಕಡಿಮೆ ಬೆಲೆಯ ಮನೆಗಳು ಬರೋದು ಮುಖ್ಯವಾಗಿ ಇದರಿಂದಲೇ. 2018-19ರಲ್ಲಿ ಇಂಗ್ಲೆಂಡಿನ ಡೆವಲಪರ್‌ಗಳು ಒಪ್ಪಿಕೊಂಡ ಕೊಡುಗೆಯ ಒಟ್ಟು ಮೌಲ್ಯ ಸುಮಾರು 7 ಬಿಲಿಯನ್ ಪೌಂಡ್ ಅಂತ ಸರ್ಕಾರದ ಅಧ್ಯಯನ ಹೇಳಿತ್ತು. ಅದರಲ್ಲಿ 4.7 ಬಿಲಿಯನ್ ಇಂಥ ಮನೆಗಳದ್ದೇ. ಶಾಲೆ, ರಸ್ತೆ, ಪಾರ್ಕು ಎಲ್ಲ ಉಳಿದದ್ದರಲ್ಲಿ ಹಂಚಿಕೊಳ್ಳಬೇಕು.

ಕುಡ್ಲದ ಹುಡುಗ
ಮಾರಾಯ್ರೇ, ಈ ಸಿಐಎಲ್ ನಮ್ಮ ಭಾವನವರ ನಿದ್ದೆ ಕೆಡಿಸಿದೆ. ಅವರೇ ಇರೋದಕ್ಕೆ ಅಂತ ಮನೆ ಕಟ್ಟಿಸ್ತಿದ್ದರು. ಸ್ವಂತಕ್ಕೆ ಕಟ್ಟುವವರಿಗೆ ವಿನಾಯಿತಿ ಇದೆ ಅಂತ ಆರ್ಕಿಟೆಕ್ಟ್ ಹೇಳಿದ್ದ. ಇದೆ ಹೌದು. ಆದರೆ ಅರ್ಜಿ ಹಾಕಿ ಮಂಜೂರಾಗುವವರೆಗೆ ಗುದ್ದಲಿ ಹಾಕಬಾರದು ಅಂತ ಅವನು ಹೇಳಲಿಲ್ಲ. ಪಾಯ ತೋಡಿದ ಮೇಲೆ ಫಾರ್ಮ್ ಹೋಯಿತು. ಕೌನ್ಸಿಲ್‌ನಿಂದ ಬಂದ ಬಿಲ್ ನೋಡಿ ಅಕ್ಕ ಮಾತೇ ಆಡಲಿಲ್ಲ ಆ ದಿನ.

ಅನು_ಲೆಕ್ಕ
ಛೇ. ಈ ವಿಷಯದಲ್ಲಿ ಕನಿಕರಕ್ಕೆ ಜಾಗವೇ ಇಲ್ಲ. ಮೊದಲು ಅರ್ಜಿ, ಆಮೇಲೆ ಮಂಜೂರಾತಿ, ಆಮೇಲೆ ಕೆಲಸ ಶುರುಮಾಡುವ ನೋಟಿಸ್, ಆಮೇಲೆ ಗುದ್ದಲಿ. ಮನೆ ಮುಗಿದ ಮೇಲೂ 3 ವರ್ಷ ಅಲ್ಲೇ ಇರಬೇಕು, ಮಧ್ಯೆ ಮಾರಿದರೆ ವಿನಾಯಿತಿ ವಾಪಸ್.

ಸಿಟ್ಟಿನ ಸಿದ್ದ
ನೋಡಿದ್ರಾ? ಒಂದು ಮನೆ ಕಟ್ಟುವವನ ಕುತ್ತಿಗೆ ಹಿಡೀತಾರೆ. ನೂರಾರು ಮನೆ ಕಟ್ಟುವವನ ಜೊತೆ ಕೂತು ಚಹಾ ಕುಡೀತಾರೆ. ದೊಡ್ಡ ಬಿಲ್ಡರ್ ಹತ್ತಿರ ಗಟ್ಟಿಯಾಗಿ ಕೇಳಬೇಕು: ಊರಿಗೆ ಈಜುಕೊಳ ಕೊಡು, ಬೈಪಾಸ್ ಕೊಡು, ಇಲ್ಲದಿದ್ದರೆ ಪರ್ಮಿಷನ್ ಇಲ್ಲ ಅಂತ.

ಪ್ಲಾನಿಂಗ್ ಮೇಷ್ಟ್ರು
ಹಾಗೆ ಕೇಳುವಂತಿಲ್ಲ ಸಿದ್ದಣ್ಣ. ಸಿಐಎಲ್ ನಿಯಮಗಳ 122ನೇ ನಿಯಮ ಮೂರು ಪರೀಕ್ಷೆ ಇಟ್ಟಿದೆ. ಅದಿಲ್ಲದೆ ಆ ಯೋಜನೆಗೆ ಅನುಮತಿ ಕೊಡಲು ಆಗಲ್ಲ ಅನ್ನುವಷ್ಟು ಅದು ಅಗತ್ಯವಾಗಿರಬೇಕು. ಆ ಯೋಜನೆಗೇ ನೇರ ಸಂಬಂಧ ಇರಬೇಕು. ಯೋಜನೆಯ ಗಾತ್ರಕ್ಕೆ ತಕ್ಕಂತೆ ಇರಬೇಕು. ಊರಿನಲ್ಲಿ ಮೊದಲಿನಿಂದಲೂ ಈಜುಕೊಳ ಇಲ್ಲದಿದ್ದರೆ ಅದು ಹೊಸ ಬಿಲ್ಡರ್‌ನ ತಪ್ಪಲ್ಲ.

ಟೆಸ್ಕೋ ಪ್ರಕರಣ ಅಂತಲೇ ಒಂದು ಇದೆ. ಆಕ್ಸ್‌ಫರ್ಡ್ ಹತ್ತಿರದ ವಿಟ್ನಿ ಊರಿನಲ್ಲಿ ಸೂಪರ್‌ಮಾರ್ಕೆಟ್ ಅನುಮತಿಗೆ ಪೈಪೋಟಿ. ಊರಿಗೆ ಬೇಕಿದ್ದ ಹೊಸ ರಸ್ತೆಯ ಖರ್ಚು 6.6 ಮಿಲಿಯನ್ ಪೌಂಡನ್ನು ತಾನೇ ಕೊಡ್ತೀನಿ ಅಂತ ಟೆಸ್ಕೋ ಮುಂದೆ ಬಂತು. ಆ ರಸ್ತೆಗೂ ಅಂಗಡಿಗೂ ಸಂಬಂಧ ತೀರಾ ಕಡಿಮೆ ಅಂತ ಮಂತ್ರಿ ಅದಕ್ಕೆ ಬೆಲೆ ಕೊಡದೆ ಎದುರಾಳಿಗೆ ಅನುಮತಿ ಕೊಟ್ಟರು. ಟೆಸ್ಕೋ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು, 1995ರಲ್ಲಿ ಸೋತಿತು.

ಇಟ್ಟಿಗೆಗೂಡು
ಮೇಷ್ಟ್ರು ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. 2019ರಲ್ಲಿ ಗ್ಲಾಸ್ಟರ್‌ಶೈರ್‌ನ ಒಂದು ಗಾಳಿಯಂತ್ರದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ವಹಿವಾಟಿನ 4% ಊರಿನ ನಿಧಿಗೆ ಕೊಡ್ತೀವಿ ಅಂದಿದ್ದರು. ಕೌನ್ಸಿಲ್ ಅದನ್ನು ಗಣನೆಗೆ ತಗೊಂಡು ಅನುಮತಿ ಕೊಟ್ಟಿತು. ಕೋರ್ಟು ಆ ಅನುಮತಿಯನ್ನೇ ರದ್ದು ಮಾಡಿತು. ಒಳ್ಳೆ ಉದ್ದೇಶಕ್ಕೂ ಅನುಮತಿ ಮಾರುವಂತಿಲ್ಲ.

ನಾನು ಬಿಲ್ಡರ್ ಕಡೆ ಕ್ವಾಂಟಿಟಿ ಸರ್ವೇಯರ್. ಬೈಯುವವರು ಸಾಲಾಗಿ ಬನ್ನಿ.

ಸಿಟ್ಟಿನ ಸಿದ್ದ
ನಾನೇ ಮೊದಲು. ಆ ವಯಬಿಲಿಟಿ ನಾಟಕ, ಅಂದರೆ ಯೋಜನೆ ಲಾಭಕ್ಕೆ ಗಿಟ್ಟುತ್ತದಾ ಅನ್ನುವ ಲೆಕ್ಕ, ಏನು ಸ್ವಾಮಿ? ಪರ್ಮಿಷನ್ ಸಿಗುವಾಗ ಅಷ್ಟು ಮನೆ ಕಡಿಮೆ ಬೆಲೆಗೆ ಕೊಡ್ತೀವಿ ಅಂತೀರಿ. ಆಮೇಲೆ "ಲಾಭ ಸಾಲುವುದಿಲ್ಲ" ಅಂತ ಅಳ್ತೀರಿ.

ಇಟ್ಟಿಗೆಗೂಡು
ನ್ಯಾಯವಾದ ಬೈಗುಳ. ಲೆಕ್ಕ ಹೇಗೆ ನಡೆಯುತ್ತದೆ ಅಂತ ಹೇಳ್ತೀನಿ, ಆಮೇಲೆ ಮುಂದುವರಿಸಿ.

ಎಲ್ಲ ಮನೆ ಮಾರಿದರೆ ಬರುವ ಒಟ್ಟು ದುಡ್ಡು ಮೇಲೆ ಬರೆಯಿರಿ. ಅದರಿಂದ ಕಟ್ಟುವ ಖರ್ಚು, ಬಡ್ಡಿ, ಫೀಸು, ಸಿಐಎಲ್ ಕಳೆಯಿರಿ. ಬಿಲ್ಡರ್‌ನ ಲಾಭ ಕಳೆಯಿರಿ. ಸರ್ಕಾರದ ಮಾರ್ಗಸೂಚಿಯೇ ಒಟ್ಟು ಮಾರಾಟ ಮೌಲ್ಯದ 15ರಿಂದ 20% ಲಾಭ ಸರಿ ಅನ್ನುತ್ತದೆ. ಉಳಿದದ್ದರಲ್ಲಿ ಜಮೀನಿನ ಮಾಲೀಕನಿಗೂ ಕೌನ್ಸಿಲ್‌ಗೂ ಪಾಲು. ಹಾಗಾಗಿ ಕೌನ್ಸಿಲ್ ಜಾಸ್ತಿ ಕೇಳಿದಷ್ಟೂ ಜಮೀನಿನ ಬೆಲೆ ಇಳಿಯಬೇಕು. ಇಳಿಯುತ್ತದಾ? ಇಲ್ಲ. ಪೈಪೋಟಿಯಲ್ಲಿ ಯಾರೋ ಒಬ್ಬ ಜಾಸ್ತಿ ಕೊಟ್ಟು ಜಮೀನು ಕೊಳ್ಳುತ್ತಾನೆ. ಆಮೇಲೆ ಲೆಕ್ಕದ ಹಾಳೆ ಹಿಡಿದು ಕೌನ್ಸಿಲ್ ಬಾಗಿಲಿಗೆ ಹೋಗುತ್ತಾನೆ. "ಜಮೀನಿಗೆ ಕೊಟ್ಟ ಬೆಲೆಯನ್ನು ನೆಪ ಮಾಡುವಂತಿಲ್ಲ" ಅಂತ 2018ರ ನಂತರದ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಲೆಕ್ಕದ ಹಾಳೆಯನ್ನೂ ಸಾರ್ವಜನಿಕರ ಮುಂದಿಡಬೇಕು. ಆದರೂ ಬಗ್ಗಿಸುವ ದಾರಿ ಇದ್ದೇ ಇದೆ. ಕಟ್ಟುವ ಖರ್ಚನ್ನು ಸ್ವಲ್ಪ ಏರಿಸಿ, ಮಾರಾಟ ಬೆಲೆಯನ್ನು ಸ್ವಲ್ಪ ಇಳಿಸಿ. ಕೆಳಗಿನ ಸಾಲು ತಾನಾಗಿ ಕೆಂಪಾಗುತ್ತದೆ.

ಅನು_ಲೆಕ್ಕ
ಲಂಡನ್ನಿನ ಬ್ಯಾಟರ್‌ಸೀ ಪವರ್ ಸ್ಟೇಷನ್ ಯೋಜನೆ ನೆನಪಿದೆಯಾ? ಅಲ್ಲಿ 636 ಕಡಿಮೆ ಬೆಲೆಯ ಮನೆ ಅಂತ ಒಪ್ಪಂದ ಇತ್ತು. 2017ರಲ್ಲಿ ಅದು 386ಕ್ಕೆ ಇಳಿಯಿತು. ಕಾರಣ ಇದೇ ವಯಬಿಲಿಟಿ.

ಇಟ್ಟಿಗೆಗೂಡು
ಇದೆ. ಅದೇ ಜಾಗದ ಇನ್ನೊಂದು ಕಥೆಯನ್ನೂ ಹೇಳಿ. ಲಂಡನ್ ಮೆಟ್ರೋದ ನಾರ್ದರ್ನ್ ಲೈನ್ ಅಲ್ಲಿಗೆ ಬಂದಿದ್ದು ಬಹುಮಟ್ಟಿಗೆ ಆ ಪ್ರದೇಶದ ಡೆವಲಪರ್‌ಗಳ ದುಡ್ಡು ಮತ್ತು ಮುಂದೆ ಬರುವ ಬಿಸಿನೆಸ್ ರೇಟ್ಸ್ (ಅಂಗಡಿ, ಆಫೀಸುಗಳ ತೆರಿಗೆ) ನಂಬಿಕೊಂಡು. 2021ರಲ್ಲಿ ರೈಲು ಓಡಿತು. ರೈಲಿಗೆ ಕೊಟ್ಟರೆ ಮನೆಗೆ ಕಡಿಮೆ. ಚೀಲ ಒಂದೇ ಅಲ್ವಾ?

ಸಿಟ್ಟಿನ ಸಿದ್ದ
ಚೀಲ ಒಂದೇ, ಸರಿ. ಚೀಲದ ಬಾಯಿ ಹಿಡಿದವರು ಯಾರು ಅಂತ ಕೇಳ್ತಿರೋದು ನಾನು.

ಕಾಫಿಪುಡಿ
😂

ರೀಡಿಂಗ್ ರಂಗ
ಎಲ್ಲ ಸೇರಿಸಿ ಒಂದೇ ಲೆವಿ ಮಾಡ್ತೀವಿ ಅಂತ ಹಿಂದಿನ ಸರ್ಕಾರ ಹೇಳಿತ್ತಲ್ಲ?

ಪ್ಲಾನಿಂಗ್ ಮೇಷ್ಟ್ರು
2023ರ ಲೆವೆಲಿಂಗ್ ಅಪ್ ಕಾಯ್ದೆಯಲ್ಲಿ ಇನ್‌ಫ್ರಾಸ್ಟ್ರಕ್ಚರ್ ಲೆವಿ ಅಂತ ಬರೆದರು. 2024ರಲ್ಲಿ ಬಂದ ಲೇಬರ್ ಸರ್ಕಾರ ಅದನ್ನು ಜಾರಿಗೆ ತರಲ್ಲ ಅಂದಿತು. ಒಳ್ಳೆಯದೇ ಆಯಿತು ಅಂತ ನನಗನ್ನಿಸುತ್ತದೆ. ಆ ಲೆವಿಯ ಲೆಕ್ಕ ಮನೆ ಮಾರಿದ ಬೆಲೆಯ ಮೇಲೆ. ಅಂದರೆ ಬಹುಪಾಲು ದುಡ್ಡು ಕೊನೆಗೆ ಬರೋದು. ಅಲ್ಲಿಯವರೆಗೆ ಶಾಲೆಗೆ ಕೌನ್ಸಿಲ್ ಸಾಲ ಮಾಡಬೇಕಿತ್ತು.

ನನಗೆ ಮೆಚ್ಚುಗೆಯಾದ ಮಾದರಿ ಮಿಲ್ಟನ್ ಕೀನ್ಸ್‌ದು. ಸಿಐಎಲ್ ಬರುವ ಮೊದಲೇ ಅಲ್ಲಿ ಬಿಲ್ಡರ್‌ಗಳ ಜೊತೆ ಕೂತು ಪ್ರತಿ ಮನೆಗೆ 18,500 ಪೌಂಡ್ ಅಂತ ಗೊತ್ತು ಮಾಡಿದರು. ಜನ ಅದಕ್ಕೆ ಛಾವಣಿ ತೆರಿಗೆ ಅಂದರು. ಸರ್ಕಾರಿ ಸಂಸ್ಥೆಯೊಂದು ಮುಂಗಡವಾಗಿ ದುಡ್ಡು ಹಾಕಿತು, ಮನೆ ಏಳುತ್ತ ಹೋದಂತೆ ವಾಪಸ್ ಪಡೆಯಿತು. ಆದರೆ ಇನ್ನೊಂದು ಮಾತೂ ಇದೆ. ಅಲ್ಲಿನ ಜಮೀನಿನ ದೊಡ್ಡ ಪಾಲು ಸರ್ಕಾರದ ಕೈಯಲ್ಲೇ ಇತ್ತು. ಎಲ್ಲ ಊರಿನಲ್ಲೂ ಆ ಅನುಕೂಲ ಎಲ್ಲಿಂದ ತರೋದು?

ಕುಡ್ಲದ ಹುಡುಗ
ನಮ್ಮ ಬೆಂಗಳೂರೇ ವಾಸಿ. ಲೇಔಟ್ ಮಾಡುವವನು ರಸ್ತೆ, ಪಾರ್ಕು, ಸಿಎ ಸೈಟು ಪ್ರಾಧಿಕಾರಕ್ಕೆ ಬರೆದುಕೊಡಲೇಬೇಕು.

ಸಿಟ್ಟಿನ ಸಿದ್ದ
ಬರೆದುಕೊಟ್ಟ ಪಾರ್ಕಿನ ಮೇಲೆ ಆಮೇಲೆ ಯಾರು ಮನೆ ಕಟ್ಟಿದರು ಅಂತಲೂ ಹೇಳು ತಮ್ಮಾ.

ಹೊಸಮನೆ_ಗಿರಿ
ದಯವಿಟ್ಟು ಬೆಂಗಳೂರು ಬೇಡ, ರಾತ್ರಿಯೆಲ್ಲ ಮುಗಿಯಲ್ಲ. 🙏 ಜಿಪಿ ಸರ್ಜರಿ ಕಥೆ ಏನು? ನಮಗೆ ಈಗ ಅಪಾಯಿಂಟ್‌ಮೆಂಟ್ ಸಿಗೋದೇ ಲಾಟರಿ.

ಸುಮಾ ನರ್ಸಮ್ಮ
ನಾನು ಒಂದು ಪ್ರಾಕ್ಟೀಸ್‌ನಲ್ಲಿ ಕೆಲಸ ಮಾಡ್ತೀನಿ, ಒಳಗಿನ ವಿಷಯ ಹೇಳ್ತೀನಿ. ಬಿಲ್ಡರ್‌ನ ದುಡ್ಡಲ್ಲಿ ಗೋಡೆ ಏಳಬಹುದು, ಡಾಕ್ಟರ್ ಬರೋದಿಲ್ಲ. ವೈದ್ಯರ ಸಂಬಳ ಎನ್‌ಎಚ್‌ಎಸ್‌ನದ್ದು, ಅಂದರೆ ಸರ್ಕಾರಿ ಆರೋಗ್ಯ ಸೇವೆಯದ್ದು. ಹೊಸ ಕಟ್ಟಡ ಬೇಕೋ ಬೇಡವೋ ಅಂತ ಹೇಳಬೇಕಾದವರು ಐಸಿಬಿ, ಅಂದರೆ ಆ ಪ್ರದೇಶದ ಎನ್‌ಎಚ್‌ಎಸ್ ಬೋರ್ಡ್. ಅರ್ಜಿ ಕೌನ್ಸಿಲ್ ಮುಂದೆ ಇರುವಾಗಲೇ ಅವರು ಲೆಕ್ಕ ಸಮೇತ ಕೇಳಬೇಕು. ಕೇಳದಿದ್ದರೆ ಒಪ್ಪಂದದಲ್ಲಿ ಸಾಲೇ ಇರುವುದಿಲ್ಲ.

ಇನ್ನು ಹೊಸ ಎಸ್ಟೇಟ್ ಒಂದಕ್ಕೇ ಪ್ರತ್ಯೇಕ ಸರ್ಜರಿ ನಡೆಸುವಷ್ಟು ರೋಗಿಗಳು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಹಳೆಯ ಸರ್ಜರಿಗೇ ಒಂದೆರಡು ಕೋಣೆ ಸೇರಿಸ್ತಾರೆ. ನಮ್ಮಲ್ಲೂ ಹಾಗೇ ಆಯಿತು. ಹಳೆ ಫೈಲ್ ಇಡುತ್ತಿದ್ದ ಕೋಣೆ ಖಾಲಿ ಮಾಡಿಸಿ, ಸಿಂಕ್ ಹಾಕಿಸಿ, ತಪಾಸಣೆ ಕೋಣೆ ಮಾಡಿದರು. ಬಾಗಿಲಿಗೆ ಹೊಸ ನಂಬರ್ ಬಂತು. ಒಳಗೆ ಕೂರಲು ಡಾಕ್ಟರ್ ಸಿಗಲಿಲ್ಲ, ಈಗ ವಾರಕ್ಕೆ ಎರಡು ದಿನ ಫಿಸಿಯೋ ಕೂರ್ತಾರೆ.

ಕಾಫಿಪುಡಿ
ಅಯ್ಯೋ ಸುಮಕ್ಕ. ನಮ್ಮ ಕಡೆ ಯಾಕೆ ಫ್ಲಾಟ್ ಎದ್ದಿತು ಅಂತ ಈಗ ಅರ್ಥ ಆಯ್ತು. "ಇಷ್ಟು ವರ್ಷದೊಳಗೆ ಎನ್‌ಎಚ್‌ಎಸ್ ಜಾಗ ತಗೊಳ್ಳದಿದ್ದರೆ ಡೆವಲಪರ್ ಬೇರೆಯದಕ್ಕೆ ಬಳಸಬಹುದು" ಅಂತ ಇತ್ತಂತೆ. ಯಾರೂ ತಗೊಳ್ಳಲಿಲ್ಲ.

ಪ್ಯಾರಿಷ್ ಪದ್ದಕ್ಕ
ನಾನು ನಮ್ಮ ಹಳ್ಳಿಯ ಪ್ಯಾರಿಷ್ ಕೌನ್ಸಿಲ್‌ನಲ್ಲಿದ್ದೀನಿ, ನಮ್ಮೂರಿನ ಗ್ರಾಮ ಪಂಚಾಯಿತಿ ಥರ. ನೀವೆಲ್ಲ ದೊಡ್ಡ ದುಡ್ಡಿನ ಬಗ್ಗೆಯೇ ಮಾತಾಡ್ತೀರಿ, ನಾನು ಸಣ್ಣದರ ಬಗ್ಗೆ ಹೇಳ್ತೀನಿ. ಸಿಐಎಲ್ ಇರುವ ಕಡೆ ಅದರ 15% ಪ್ಯಾರಿಷ್‌ಗೆ ಬರುತ್ತದೆ, ಅದಕ್ಕೊಂದು ವಾರ್ಷಿಕ ಮಿತಿ ಇದೆ. ಊರವರೇ ನೇಬರ್‌ಹುಡ್ ಪ್ಲಾನ್ (ಊರಿನ ಅಭಿವೃದ್ಧಿ ಯೋಜನೆ) ಮಾಡಿ, ಮತದಾನದಲ್ಲಿ ಗೆಲ್ಲಿಸಿದ್ದರೆ 25%, ಮಿತಿಯೂ ಇಲ್ಲ. ಈ ದುಡ್ಡನ್ನು ಹೇಗೆ ಖರ್ಚು ಮಾಡಬೇಕು ಅನ್ನೋದರಲ್ಲಿ ನಮಗೆ ಸಾಕಷ್ಟು ಸ್ವಾತಂತ್ರ್ಯ ಇದೆ. 5 ವರ್ಷದಲ್ಲಿ ಬಳಸದಿದ್ದರೆ ಮೇಲಿನವರು ವಾಪಸ್ ಕೇಳಬಹುದು.

ನಮ್ಮ ಮೀಟಿಂಗ್ ಹೇಗಿರುತ್ತೆ ಗೊತ್ತಾ? ಹಳ್ಳಿ ಹಾಲ್‌ನ ಛಾವಣಿಗೆ ಹಾಕೋಣ ಅಂತ ನಾನು. ಕ್ರಿಕೆಟ್ ಕ್ಲಬ್‌ಗೆ ಹೊಸ ರೋಲರ್ ಬೇಕು ಅಂತ ಒಬ್ಬರು. ಬಸ್ ಸ್ಟಾಪ್‌ಗೆ ಬೆಂಚು ಅಂತ ಇನ್ನೊಬ್ಬರು. ಹೊಸ ಎಸ್ಟೇಟ್‌ನಿಂದ ಯಾರೂ ಬರೋದಿಲ್ಲ. ದುಡ್ಡು ಬಂದಿದ್ದು ಅವರ ಮನೆಗಳಿಂದ, ಖಾಲಿ ಇರೋದು ಅವರ ಕುರ್ಚಿ. ಗಿರಿ, ನೀವು ಹೋಗಿ ಕೂತ್ಕೊಳ್ಳಿ.

ರೀಡಿಂಗ್ ರಂಗ
ರೋಲರ್‌ಗೇ ನನ್ನ ಓಟು.

ಕುಡ್ಲದ ಹುಡುಗ
ನಮ್ಮ ಎಸ್ಟೇಟ್‌ನಲ್ಲಿ ಪಾರ್ಕ್ ಬಂದಿದೆ. ಆದರೆ ಅದರ ಹುಲ್ಲು ಕತ್ತರಿಸುವ ದುಡ್ಡು ನಾವೇ ಒಂದು ಕಂಪನಿಗೆ ಪ್ರತಿ ವರ್ಷ ಕೊಡ್ಬೇಕು. ಕೌನ್ಸಿಲ್ ಟ್ಯಾಕ್ಸ್ ಬೇರೆ. ಇದು ಯಾವ ನ್ಯಾಯ?

ಇಟ್ಟಿಗೆಗೂಡು
ಹಿಂದೆ ಬಿಲ್ಡರ್ ಪಾರ್ಕ್ ಮಾಡಿ, ಮುಂದಿನ ಕೆಲವು ವರ್ಷಗಳ ನಿರ್ವಹಣೆಗೆ ಒಂದು ಗಂಟು ದುಡ್ಡು ಕೊಟ್ಟು, ಕೌನ್ಸಿಲ್‌ಗೆ ಒಪ್ಪಿಸುತ್ತಿದ್ದ. ಈಗ ಎಷ್ಟೋ ಕೌನ್ಸಿಲ್‌ಗಳು ಬೇಡ ಅನ್ನುತ್ತವೆ, ಬಿಲ್ಡರ್‌ಗೂ ಆ ಗಂಟು ಉಳಿಯುತ್ತದೆ. ಹಾಗಾಗಿ ಇಬ್ಬರಿಗೂ ಖುಷಿ, ಬಿಲ್ ನಿಮಗೆ. ಮಾರುಕಟ್ಟೆ ಪೈಪೋಟಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸಿಎಂಎ 2024ರಲ್ಲಿ ಕೊಟ್ಟ ವರದಿಯ ಪ್ರಕಾರ 2021-22ರಲ್ಲಿ 11 ದೊಡ್ಡ ಬಿಲ್ಡರ್‌ಗಳು ಮಾರಿದ ಮನೆಗಳಲ್ಲಿ 80% ಮನೆಗಳಿಗೆ ಇಂಥ ಚಾರ್ಜ್ ಇತ್ತು. ನನ್ನ ಮನೆಗೂ ಇದೆ, ನಾನೂ ಕಟ್ತೀನಿ.

ಸಿಟ್ಟಿನ ಸಿದ್ದ
ನಿಮಗೆ ಬೈಯೋದು ಕಷ್ಟ ಆಗ್ತಿದೆ ಈಗ.

ಪ್ಲಾನಿಂಗ್ ಮೇಷ್ಟ್ರು
ಗಿರಿ ಅವರ ಪ್ರಶ್ನೆಗೆ ವಾಪಸ್ ಬರೋಣ. ಕೌನ್ಸಿಲ್ ವೆಬ್‌ಸೈಟಿನ ಪ್ಲಾನಿಂಗ್ ಪುಟದಲ್ಲಿ ನಿಮ್ಮ ಎಸ್ಟೇಟ್‌ನ ಮೊದಲ ಅರ್ಜಿ ಹುಡುಕಿ. ಔಟ್‌ಲೈನ್ ಅರ್ಜಿ ಅಂತ ಇರುತ್ತದೆ. ಸೆಕ್ಷನ್ 106 ಒಪ್ಪಂದ ಸಾರ್ವಜನಿಕ ದಾಖಲೆ, ಅದರಲ್ಲೇ ಇರಬೇಕು. ಮೊದಲ ಪುಟಗಳ ವಕೀಲರ ಭಾಷೆ ಬಿಟ್ಟು ಹಿಂದಿನ ಶೆಡ್ಯೂಲ್‌ಗಳಿಗೆ ಹೋಗಿ. ಶಿಕ್ಷಣಕ್ಕೆ ಎಷ್ಟು, ಯಾವ ಟ್ರಿಗರ್, ಯಾವುದಕ್ಕೆ ಮಾತ್ರ ಬಳಸಬೇಕು, ಎಷ್ಟು ವರ್ಷದಲ್ಲಿ ಬಳಸದಿದ್ದರೆ ವಾಪಸ್. ಈ ನಾಲ್ಕು ಸಾಲು ಸಾಕು. ಆಮೇಲೆ ತಿದ್ದುಪಡಿ ಆಗಿದೆಯಾ ನೋಡಿ. 5 ವರ್ಷ ಕಳೆದ ಮೇಲೆ ಬದಲಿಸಿ ಅಂತ ಅರ್ಜಿ ಹಾಕುವ ಹಕ್ಕು ಬಿಲ್ಡರ್‌ಗೆ ಇದೆ.

ದುಡ್ಡು ಬಂದಿದೆಯಾ ಅಂತ ತಿಳಿಯಲು ಇನ್‌ಫ್ರಾಸ್ಟ್ರಕ್ಚರ್ ಫಂಡಿಂಗ್ ಸ್ಟೇಟ್‌ಮೆಂಟ್ ನೋಡಿ, ಅದು ಈ ದುಡ್ಡಿನ ಬಗ್ಗೆ ಕೌನ್ಸಿಲ್ ಕೊಡುವ ವಾರ್ಷಿಕ ಲೆಕ್ಕ. 2020ರಿಂದ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಪ್ರಕಟಿಸಲೇಬೇಕು. ಕೌಂಟಿಯದ್ದು ಬೇರೆ ಇರುತ್ತದೆ, ಅದನ್ನೂ ತೆಗೆಯಿರಿ.

ಹೊಸಮನೆ_ಗಿರಿ
ಸಿಕ್ಕಿತು ಸರ್! ಸ್ಕ್ಯಾನ್ ಮಾಡಿದ ಓರೆ ಪುಟಗಳು, ಕಣ್ಣು ಹೋಯಿತು. ಮೂರನೇ ಶೆಡ್ಯೂಲ್‌ನಲ್ಲಿ ಶಾಲೆ ಇದೆ. ಜಾಗ ಕೌಂಟಿಗೆ ಬಿಟ್ಟುಕೊಟ್ಟಾಗಿದೆ. ಕಂತುಗಳಲ್ಲಿ ಎರಡು ಬಂದಿವೆ ಅಂತ ಕೌಂಟಿಯ ಸ್ಟೇಟ್‌ಮೆಂಟ್‌ನಲ್ಲೇ ಇದೆ, ಕೊನೆಯದು ಬಾಕಿ. ಆದರೆ ಒಂದು ಸಾಲು ನೋಡಿ ತಲೆ ತಿರುಗಿತು. "ಪ್ರೈಮರಿ ಶಾಲೆ ಕಟ್ಟಲು, ಅಥವಾ ಹತ್ತಿರದ ಶಾಲೆಗಳನ್ನು ವಿಸ್ತರಿಸಲು" ಅಂತ ಬರೆದಿದ್ದಾರೆ.

ಅನು_ಲೆಕ್ಕ
ಆ "ಅಥವಾ"ದಲ್ಲೇ ನಿಮ್ಮ ಶಾಲೆ ಸಿಕ್ಕಿಹಾಕಿಕೊಂಡಿದೆ. ಮಕ್ಕಳ ಸಂಖ್ಯೆ ಇಳಿದರೆ ಕೌಂಟಿಗೆ ಹೊಸ ಶಾಲೆ ಹೊರೆ. ಹಳೆ ಶಾಲೆಗೆ ಎರಡು ತರಗತಿ ಸೇರಿಸಿ ಲೆಕ್ಕ ಮುಗಿಸ್ತಾರೆ.

ಪ್ಲಾನಿಂಗ್ ಮೇಷ್ಟ್ರು
ಹೌದು. ಇನ್ನು ಡಿಸ್ಟ್ರಿಕ್ಟ್‌ಗೆ ಫೋನ್ ಮಾಡಬೇಡಿ. ಕೌಂಟಿಯ ಶಾಲಾ ಸ್ಥಳ ಯೋಜನೆ ವಿಭಾಗಕ್ಕೆ ಬರೆಯಿರಿ. ನಿಮ್ಮ ಪ್ರದೇಶದ ಮಕ್ಕಳ ಸಂಖ್ಯೆಯ ಅಂದಾಜು ಕೇಳಿ, ಹೊಸ ಶಾಲೆಯೋ ವಿಸ್ತರಣೆಯೋ ಅಂತ ತೀರ್ಮಾನ ಆಗಿದೆಯಾ ಕೇಳಿ, ಕೊನೆಯ ಕಂತಿನ ಟ್ರಿಗರ್ ದಾಟಿದೆಯಾ ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 20 ಕೆಲಸದ ದಿನದಲ್ಲಿ ಉತ್ತರ ಕೊಡಬೇಕು. ನಿಮ್ಮ ಕೌಂಟಿ ಕೌನ್ಸಿಲರ್‌ಗೂ ಪ್ರತಿ ಕಳಿಸಿ.

ಪ್ಯಾರಿಷ್ ಪದ್ದಕ್ಕ
ಒಬ್ಬರೇ ಬರೆಯಬೇಡಿ. ನಿಮ್ಮ ಎಸ್ಟೇಟ್‌ನ ವಾಟ್ಸಾಪ್ ಗುಂಪಿನಲ್ಲಿ ಆ "ಅಥವಾ" ಸಾಲಿನ ಫೋಟೋ ಹಾಕಿ, ಜನ ತಾವಾಗೇ ಏಳ್ತಾರೆ.

ಹೊಸಮನೆ_ಗಿರಿ
ಈಗಷ್ಟೇ ಹಾಕಿದೆ. ಹದಿನೈದು ನಿಮಿಷದಲ್ಲಿ ಗುಂಪಿಗೆ ಬೆಂಕಿ ಬಿದ್ದಿದೆ.

ರೀಡಿಂಗ್ ರಂಗ
ಸಂಬಂಧ ಇಲ್ಲದ ಪ್ರಶ್ನೆ. ಹಿಂದುಗಡೆ ಒಂದು ಕೋಣೆ ಬೆಳೆಸಬೇಕು ಅಂತಿದ್ದೀನಿ. ನನಗೂ ಸಿಐಎಲ್ ಬಿಲ್ ಬರುತ್ತಾ? ಕುಡ್ಲದವರ ಭಾವನ ಕಥೆ ಕೇಳಿ ಭಯ ಆಗಿದೆ.

ಅನು_ಲೆಕ್ಕ
ಬೆಳೆಸುವ ಜಾಗ 100 ಚದರ ಮೀಟರ್‌ಗಿಂತ ಕಡಿಮೆ ಇದ್ದು, ಅದು ಬೇರೆ ಮನೆ ಆಗದಿದ್ದರೆ ಇಲ್ಲ. ನಿನ್ನ ಹಿತ್ತಲು ನಾನು ನೋಡಿದ್ದೀನಿ ರಂಗ, ಆರಾಮಾಗಿರು.